ಹೂಮಳೆ ಕಾಯುವ ವಾರ: ಹವಾಮಾನ ಇಲಾಖೆಯ ಏಳು ದಿನದ ಮುನ್ಸೂಚನೆ ನಮ್ಮ ತೋಟಕ್ಕೆ ಎಷ್ಟು ಒದಗಿತು

ಮಾರ್ಚ್ ಎರಡನೇ ವಾರದ ಹೊತ್ತಿಗೆ ನಮ್ಮ ಕೆರೆಯಲ್ಲಿ ಉಳಿದಿದ್ದು ಮೂರು ಎಕರೆಗೆ ಸಾಕಾಗುವಷ್ಟು ನೀರು. ತೋಟ ಇರುವುದು ಆರು ಎಕರೆ. ಪೂರ್ತಿ ರೊಬಸ್ಟಾ ಕಾಫಿ, ನಡುವೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಮೂಡಿಗೆರೆಯಿಂದ ಬಣಕಲ್ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಇರುವ ನೀರನ್ನು ಸ್ಪ್ರಿಂಕ್ಲರ್‌ಗೆ ಹಾಕಿ ಅರ್ಧ ತೋಟಕ್ಕೆ ಹೂ ಬಿಡಿಸೋದಾ, ಇಲ್ಲ ಮಳೆ ಕಾಯೋದಾ? ಈ ಒಂದು ಪ್ರಶ್ನೆಗಾಗಿ ಮಾರ್ಚ್ 1ರಿಂದ ಇವತ್ತಿನವರೆಗೆ ಹವಾಮಾನ ಇಲಾಖೆಯ ವಾರದ ಮುನ್ಸೂಚನೆಯನ್ನು ದಿನ ತಪ್ಪದೆ ಓದಿದ್ದೇನೆ. ಓದಿದ್ದನ್ನು ನಮ್ಮ ಮಳೆ ಮಾಪಕದ ಲೆಕ್ಕದ ಪಕ್ಕ ಇಟ್ಟು ನೋಡಿದ್ದೇನೆ. ನಮ್ಮ ಹಾಗೆ ಬೇಸಿಗೆ ಮಳೆಯ ಮೇಲೆ ಜೀವ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಕಾಫಿ ಬೆಳೆಯದವರಿಗೆ ಮೊದಲು ಒಂದು ಮಾತು. ಫೆಬ್ರವರಿ ಕೊನೆಯಿಂದ ಗಿಡದ ಗೆಣ್ಣು ಗೆಣ್ಣಿನಲ್ಲಿ ಮೊಗ್ಗು ಕೂತಿರುತ್ತದೆ. ಅದು ಒಣಗಿ ನಿದ್ದೆ ಮಾಡುತ್ತಿರುತ್ತದೆ. ಒಂದರಿಂದ ಒಂದೂವರೆ ಇಂಚು ಮಳೆ ಒಟ್ಟಿಗೆ ಬಿದ್ದರೆ ಎಲ್ಲ ಮೊಗ್ಗು ಒಟ್ಟಿಗೆ ಏಳುತ್ತದೆ. ಸುಮಾರು ಎಂಟು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಇದನ್ನೇ ನಾವು ಹೂಮಳೆ ಅನ್ನುವುದು. ಹೂ ಆದ ಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು, ಅದು ಬ್ಯಾಕಿಂಗ್ ಮಳೆ. ಮುಂದಿನ ಡಿಸೆಂಬರ್, ಜನವರಿಯಲ್ಲಿ ಕೊಯ್ಯುವ ಹಣ್ಣು ಎಷ್ಟು ಅನ್ನುವುದು ಈ ಎರಡು ಮಳೆಯಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಬಿಡುತ್ತದೆ. ಕಷ್ಟ ಇರುವುದು ಅರ್ಧಂಬರ್ಧ ಮಳೆಯಲ್ಲಿ. ಇಪ್ಪತ್ತು ಸೆಂಟ್, ಅಂದರೆ ಇಂಚಿನ ಐದರಲ್ಲಿ ಒಂದು ಪಾಲು ಮಳೆ ಬಿದ್ದು ನಿಂತರೆ ಮೊಗ್ಗು ಏಳುತ್ತದೆ, ಅರಳಲು ಶಕ್ತಿ ಸಾಲದೆ ಕರಗುತ್ತದೆ. ಮಳೆಯೇ ಬರದಿದ್ದರೆ ಇನ್ನೂ ಸ್ವಲ್ಪ ದಿನ ಕಾಯಬಹುದು. ಅರೆ ಮಳೆ ಬಂದರೆ ಕಾಯುವ ಹಾಗೂ ಇಲ್ಲ.

ಇಂಚು, ಸೆಂಟ್ ಅನ್ನುವುದು ನಮ್ಮ ಕಡೆಯ ಲೆಕ್ಕ. 100 ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ 1 ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ. ನನ್ನ ಆರು ಎಕರೆಗೆ ಒಂದೂವರೆ ಇಂಚು ಕೊಡಬೇಕಾದರೆ 9 ಲಕ್ಷ ಲೀಟರ್ ಬೇಕು. ಇಂಜಿನ್ ಹಗಲು ರಾತ್ರಿ ಓಡಬೇಕು, ಪೈಪ್ ಬದಲಿಸಲು ಇಬ್ಬರು ಆಳು ನಿದ್ದೆಗೆಡಬೇಕು. ಡೀಸೆಲ್ ಲೀಟರಿಗೆ 90 ರೂಪಾಯಿ ಆಸುಪಾಸು. ಇಷ್ಟೆಲ್ಲ ಮಾಡಿ ಮುಗಿಸಿದ ಮಾರನೇ ದಿನ ಧೋ ಅಂತ ಮಳೆ ಬಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಮಳೆ ಬರುತ್ತದೆ ಅಂತ ಸುಮ್ನೆ ಕೂತು ಅದು ಬರದೇ ಹೋದರೆ ಇನ್ನೂ ಜಾಸ್ತಿ ನಷ್ಟ. ಅದಕ್ಕೇ ಈ ವಾರದ ಮುನ್ಸೂಚನೆ ನಮಗೆ ಅಷ್ಟು ಮುಖ್ಯ.

ಹೋದ ವರ್ಷ ಆ ನಷ್ಟ ನೋಡಿದ್ದೇನೆ. ಆಗ ನಾನು ನೋಡುತ್ತಿದ್ದದ್ದು ಫೋನಿನಲ್ಲಿದ್ದ ಒಂದು ಹವಾಮಾನ ಆಪ್ ಮಾತ್ರ. ಮೋಡದ ಚಿತ್ರ, ಅದರ ಕೆಳಗೆ ಮೂರು ಹನಿ, ಪಕ್ಕದಲ್ಲಿ ಶೇಕಡಾ 90. ಶನಿವಾರ ಮಧ್ಯಾಹ್ನ 3 ಗಂಟೆಗೆ ಮಳೆ ಅಂತ ಎಂಟು ದಿನ ಮೊದಲೇ ಗಂಟೆ ಸಮೇತ ತೋರಿಸಿತ್ತು. ಗುರುವಾರ ಸಣ್ಣದೊಂದು ಮಳೆ ಬಂತು, 20 ಸೆಂಟ್. ಶನಿವಾರ ಹೇಗೂ ದೊಡ್ಡದು ಇದೆಯಲ್ಲ ಅಂತ ಸ್ಪ್ರಿಂಕ್ಲರ್ ಹಾಕಲಿಲ್ಲ. ಶನಿವಾರದ ಮಳೆ ಗುಡ್ಡದ ಆಚೆ ಬಿತ್ತು. ಭಾನುವಾರ ಬೆಳಿಗ್ಗೆ ಆಪ್ ನೋಡಿದರೆ ಹಳೆಯ ಚಿತ್ರವೇ ಇಲ್ಲ. ಆ ಜಾಗದಲ್ಲಿ ಬಿಸಿಲಿನ ಚಿತ್ರ ಬಂದು ಕೂತಿತ್ತು. ನಾಲ್ಕೈದು ದಿನದಲ್ಲಿ ಮೊಗ್ಗಿನ ತುದಿ ಗುಲಾಬಿ ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಗಾಯಿತು. ಎರಡು ಎಕರೆಯಲ್ಲಿ ಗೆಣ್ಣಿಗೆ ಮೂರು ನಾಲ್ಕು ಕಾಯಿ ನಿಂತರೆ ಹೆಚ್ಚು ಅನ್ನುವ ಹಾಗಾಯಿತು. ಆವತ್ತೇ ತೀರ್ಮಾನ ಮಾಡಿದೆ, ಇನ್ನು ಮುಂದೆ ಚಿತ್ರ ನೋಡಿ ನಂಬುವುದಿಲ್ಲ, ಬರೆದದ್ದನ್ನು ಓದಿ ನಂಬುತ್ತೇನೆ.

ಬೆಂಗಳೂರಿನ ಹವಾಮಾನ ಕೇಂದ್ರ ದಿನಾ ಹೊರಡಿಸುವ ವರದಿಯಲ್ಲಿ ಮುಂದಿನ ಏಳು ದಿನಕ್ಕೆ ಜಿಲ್ಲಾವಾರು ಮಳೆ ಮತ್ತು ಎಚ್ಚರಿಕೆ ಇರುತ್ತದೆ. ಕನ್ನಡದಲ್ಲೂ ಸಿಗುತ್ತದೆ. ಇದರ ಜೊತೆಗೆ ಪ್ರತಿ ಗುರುವಾರ ದೇಶಕ್ಕೆಲ್ಲ ಸೇರಿ ಎರಡು ವಾರದ ಮುನ್ನೋಟವೊಂದು ಬರುತ್ತದೆ. ಅದರಲ್ಲಿ ನಮ್ಮ ಭಾಗಕ್ಕೆ ವಾಡಿಕೆಗಿಂತ ಜಾಸ್ತಿ ಮಳೆಯಾ, ಕಡಿಮೆಯಾ ಅನ್ನುವುದನ್ನು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸುತ್ತಾರೆ. ನನ್ನ ಕ್ರಮ ಹೀಗಿದೆ. ಗುರುವಾರ ರಾತ್ರಿ ಊಟ ಆದ ಮೇಲೆ ಎರಡು ವಾರದ್ದು ಓದುತ್ತೇನೆ. ದಿನಾ ಮಧ್ಯಾಹ್ನ ಏಳು ದಿನದ್ದು ಓದುತ್ತೇನೆ. ಓದಿ, ಮಾವನವರ ಕಾಲದ ಮಳೆ ಪುಸ್ತಕದ ಮುಂದುವರಿದ ಪುಟದಲ್ಲಿ ಬರೆದಿಡುತ್ತೇನೆ. ಎಡಗಡೆ ಅವರು ಹೇಳಿದ್ದು, ಬಲಗಡೆ ನಮ್ಮಲ್ಲಿ ಬಿದ್ದದ್ದು.

ಬರೆಯಲು ಶುರು ಮಾಡಿದ ಮೇಲೆ ಗೊತ್ತಾಗಿದ್ದು, ಈ ವರದಿಯಲ್ಲಿ ಒಂದೊಂದು ಪದಕ್ಕೂ ಅಳತೆ ಇದೆ ಅಂತ. ನಾನು ಇಷ್ಟು ವರ್ಷ 'ಅಲ್ಲಲ್ಲಿ ಮಳೆ' ಅಂದರೆ ಜಾರಿಕೊಳ್ಳುವ ಮಾತು ಅಂದುಕೊಂಡಿದ್ದೆ. ನಿಜ ಬೇರೆ ಇದೆ. 'ಒಂದೆರಡು ಕಡೆ' ಅಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ. 'ಕೆಲವು ಕಡೆ' ಅಂದರೆ 26ರಿಂದ 50. 'ಹಲವು ಕಡೆ' ಅಂದರೆ 51ರಿಂದ 75. 'ಬಹುತೇಕ ಎಲ್ಲ ಕಡೆ' ಅಂದರೆ ಅದಕ್ಕೂ ಮೇಲೆ. ಅಲ್ಲಿ ಮಳೆ ಅಂತ ಲೆಕ್ಕಕ್ಕೆ ಬರಬೇಕಾದರೆ ಕನಿಷ್ಠ 2.5 ಮಿಲಿಮೀಟರ್ ಬೀಳಬೇಕು. ನಮ್ಮ ಲೆಕ್ಕದಲ್ಲಿ 10 ಸೆಂಟ್. ಯೋಚನೆ ಮಾಡಿ, 'ಒಂದೆರಡು ಕಡೆ ಹಗುರ ಮಳೆ' ಅಂದರೆ ನಾಲ್ಕರಲ್ಲಿ ಒಂದು ಊರಿಗೆ, ಅದೂ 10 ಸೆಂಟ್‌ನಿಂದ 60 ಸೆಂಟ್‌ವರೆಗೆ. ಅಂಥ ವಾರದಲ್ಲಿ ಹೂಮಳೆ ಕಾಯುವುದು ತಪ್ಪು. ಇಂಜಿನ್ ಚಾಲೂ ಮಾಡುವುದೇ ಸರಿ. 'ಹಗುರ' ಅನ್ನುವುದು 15.5 ಮಿಲಿಮೀಟರ್‌ಗೆ ಮುಗಿಯುತ್ತದೆ, ಅಲ್ಲಿಂದ 64.4ರವರೆಗೆ 'ಸಾಧಾರಣ'. ಹೂಮಳೆಗೆ ಬೇಕಾದ ಒಂದು ಇಂಚು ಈ 'ಸಾಧಾರಣ'ದ ಒಳಗೆ ಬರುತ್ತದೆ. ಅದಕ್ಕೇ ನಾನು ಹುಡುಕುವುದು ಎರಡೇ ಪದ, 'ಹಲವು ಕಡೆ' ಮತ್ತು 'ಸಾಧಾರಣ'. ಎರಡೂ ಒಂದೇ ಸಾಲಿನಲ್ಲಿ ಬಂದ ದಿನ ಮನಸ್ಸು ಹಗುರಾಗುತ್ತದೆ.

ಸಾಧ್ಯತೆಯ ಮಾತಿಗೂ ಹೀಗೇ ಅಳತೆ ಇದೆ. ಬರೀ 'ಸಾಧ್ಯತೆ ಇದೆ' ಅಂದರೆ ಶೇಕಡಾ 25ರಿಂದ 50. ಅಂದರೆ ಬರದೇ ಇರುವ ಸಾಧ್ಯತೆಯೇ ಜಾಸ್ತಿ! 'ಹೆಚ್ಚಿನ ಸಾಧ್ಯತೆ' ಅಂದಾಗ 50ರಿಂದ 75. ಇದನ್ನು ತಿಳಿದುಕೊಂಡ ದಿನ ನನಗೆ ಹಳೆಯ ಎಷ್ಟೋ ಬೈಗುಳ ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿತು. ಬಣ್ಣದ ವಿಷಯದಲ್ಲೂ ನಮ್ಮಲ್ಲಿ ಗೊಂದಲ ಇದೆ. ಹಳದಿ ಅಂದರೆ ಗಮನ ಇಟ್ಟುಕೊಂಡಿರಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ತಕ್ಷಣ ಕ್ರಮ ತೆಗೆದುಕೊಳ್ಳಿ. ಬಣ್ಣ ಅಪಾಯಕ್ಕೆ ಸಂಬಂಧಿಸಿದ್ದು. ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಗೆ ಹಳದಿ ಬಂದರೆ ಅದು ಬಹಳ ಸಲ ಗುಡುಗು, ಸಿಡಿಲು, ಗಂಟೆಗೆ 40-50 ಕಿಲೋಮೀಟರ್ ಗಾಳಿಗಾಗಿ ಬಂದಿರುತ್ತದೆ. ಹಳದಿ ನೋಡಿ ಒಳ್ಳೆ ಮಳೆ ಅಂತ ಕುಣಿದರೆ ಮುರಿದ ಕೊಂಬೆ ಎತ್ತುವ ಕೆಲಸ ಸಿಗುತ್ತದೆ.

ಈಗ ಆ ಮಾರ್ಚ್ ವಾರಕ್ಕೆ ಬರುತ್ತೇನೆ. ಗುರುವಾರದ ಎರಡು ವಾರದ ನಕ್ಷೆಯಲ್ಲಿ ದಕ್ಷಿಣ ಒಳನಾಡಿಗೆ ವಾಡಿಕೆಗಿಂತ ಜಾಸ್ತಿ ಮಳೆಯ ಬಣ್ಣ ಇತ್ತು. ಏಳು ದಿನದ ವರದಿಯಲ್ಲಿ ಶನಿವಾರದವರೆಗೆ ಒಣಹವೆ, ಭಾನುವಾರ ಕೆಲವು ಕಡೆ, ಸೋಮವಾರ ಮತ್ತು ಮಂಗಳವಾರ ಹಲವು ಕಡೆ. ಕಾರಣವನ್ನೂ ಕೊಟ್ಟಿದ್ದರು. ಮಹಾರಾಷ್ಟ್ರದ ಒಳನಾಡಿನಿಂದ ನಮ್ಮ ರಾಜ್ಯದ ಮೇಲೆ ಹಾದು ತಮಿಳುನಾಡಿನ ಕಡೆಗೆ ಕಡಿಮೆ ಒತ್ತಡದ ತಗ್ಗು, ಸಮುದ್ರ ಮಟ್ಟದಿಂದ 0.9 ಕಿಲೋಮೀಟರ್ ಎತ್ತರದಲ್ಲಿ. ಈ ಸಾಲನ್ನು ತುಂಬಾ ಜನ ಬಿಟ್ಟು ಓದುತ್ತಾರೆ. ನನಗೆ ಈಗ ಇದೇ ಮೊದಲು ಓದುವ ಸಾಲು. ಬೇಸಿಗೆಯಲ್ಲಿ ಒಳನಾಡು ಕಾದು ಈ ತಗ್ಗು ಮೂಡಿದಾಗ ಎರಡೂ ಸಮುದ್ರದ ಕಡೆಯಿಂದ ತೇವದ ಗಾಳಿ ಬಂದು ಅಲ್ಲಿ ಸೇರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದು ಮೇಲೇರಿ ಮೋಡ ಕಟ್ಟುತ್ತದೆ. ತಗ್ಗು ಎಲ್ಲಿದೆ ಅನ್ನುವುದು ನಾಲ್ಕೈದು ದಿನ ಮೊದಲೇ ಗೊತ್ತಾಗುತ್ತದೆ, ಅದು ನೂರಾರು ಕಿಲೋಮೀಟರ್ ಉದ್ದದ ವಿಷಯ. ಮೋಡ ಯಾರ ತೋಟದ ಮೇಲೆ ಒಡೆಯುತ್ತದೆ ಅನ್ನುವುದು ಆವತ್ತಿನ ಮಧ್ಯಾಹ್ನದವರೆಗೆ ಗೊತ್ತಾಗುವುದಿಲ್ಲ. ಒಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಒಂದು ಗಂಟೆಯ ಆಚೀಚೆ. 2025ರ ಮೇ ತಿಂಗಳಲ್ಲಿ ಇಲಾಖೆ ಬಳಕೆಗೆ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ದೇಶವನ್ನು 6 ಕಿಲೋಮೀಟರ್ ಚೌಕಗಳಾಗಿ ನೋಡುತ್ತದೆ. ಮೊದಲು ಆ ಚೌಕ 12 ಕಿಲೋಮೀಟರ್ ಇತ್ತು. ಚೌಕ ಚಿಕ್ಕದಾದದ್ದು ದೊಡ್ಡ ಕೆಲಸ. ಆದರೂ ಆ ಒಂದು ಚೌಕದ ಒಳಗೇ ನಮ್ಮಂಥ ಎಷ್ಟೋ ತೋಟ ಕೂತುಬಿಡುತ್ತವೆ.

ಭಾನುವಾರ 4 ಗಂಟೆಗೆ ಮೂಡಣ ದಿಕ್ಕಿನಲ್ಲಿ ಕಪ್ಪಾಯಿತು. ಗಾಳಿ ಎದ್ದು ಕಣದ ಮೇಲಿನ ಟಾರ್ಪಾಲು ಪಟಪಟ ಹೊಡೆದುಕೊಂಡಿತು. ಹನಿ ದಪ್ಪಗೆ ಬಿತ್ತು, ಮಣ್ಣಿನ ವಾಸನೆ ಬಂತು, ಹತ್ತು ನಿಮಿಷಕ್ಕೆ ನಿಂತುಹೋಯಿತು. ಮಾಪಕದ ಗ್ಲಾಸಿನಲ್ಲಿ 18 ಸೆಂಟ್. ಹೋದ ವರ್ಷದ ಅದೇ ಕತೆ ಕಣ್ಣ ಮುಂದೆ ಬಂತು. ಆ ರಾತ್ರಿ ನಾನು ನಿಜಕ್ಕೂ ಹೆದರಿದ್ದೆ.

ಆಗ ವರುಣ ಮಿತ್ರಕ್ಕೆ ಫೋನ್ ಮಾಡಿದೆ. ಇದು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. 1988ರಲ್ಲಿ ಬರ ನಿಗಾ ಘಟಕ ಅಂತ ಶುರುವಾದ ಸಂಸ್ಥೆ ಇದು. ರಾಜ್ಯದ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಜಾಸ್ತಿ ಮಳೆ ಮಾಪಕ ನಿಲ್ಲಿಸಿದ್ದಾರೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಊರು, ಹೋಬಳಿ ಹೇಳಿದೆ. ಆ ಕಡೆಯಿಂದ ಕನ್ನಡದಲ್ಲೇ, ಅವಸರ ಇಲ್ಲದೆ ಹೇಳಿದರು: ನಿಮ್ಮ ಪಂಚಾಯಿತಿ ಮಾಪಕದಲ್ಲಿ 5 ಮಿಲಿಮೀಟರ್ ಬಂದಿದೆ, ನಾಳೆ ಇವತ್ತಿಗಿಂತ ಜಾಸ್ತಿ ಕಡೆ ಬರುವ ನಿರೀಕ್ಷೆ ಇದೆ, ಖಂಡಿತ ಅಂತ ಹೇಳಲು ಆಗುವುದಿಲ್ಲ. ಆ ಕೊನೆಯ ಮಾತು ನನಗೆ ತುಂಬಾ ಹಿಡಿಸಿತು. ಗೊತ್ತಿರುವುದನ್ನು ಗೊತ್ತಿದೆ ಅಂದರು, ಗೊತ್ತಿಲ್ಲದ್ದನ್ನು ಇಲ್ಲ ಅಂದರು. ತೋಟದವರಿಗೆ ಇದಕ್ಕಿಂತ ಬೇರೆ ಏನು ಬೇಕು?

ನಾನು ಒಂದು ಗಡುವು ಹಾಕಿಕೊಂಡೆ. ಸೋಮವಾರ ಸಂಜೆ 6 ಗಂಟೆವರೆಗೆ ಕಾಯುವುದು. ಅಷ್ಟರೊಳಗೆ ಬರದಿದ್ದರೆ ಕೆಳಗಿನ ಮೂರು ಎಕರೆಗೆ ಸ್ಪ್ರಿಂಕ್ಲರ್. ಪೈಪು ಜೋಡಿಸಿಟ್ಟೆವು, ಡೀಸೆಲ್ ತಂದಿಟ್ಟೆವು. ಸೋಮವಾರ ಮಧ್ಯಾಹ್ನದ ವರದಿಯಲ್ಲಿ 'ಹಲವು ಕಡೆ' ಹಾಗೇ ಇತ್ತು, ಬದಲಾಗಿರಲಿಲ್ಲ. ಅದು ನೋಡಿ ಧೈರ್ಯ ಬಂತು. 3 ಗಂಟೆ 40 ನಿಮಿಷಕ್ಕೆ ಶುರುವಾದ ಮಳೆ ಐವತ್ತು ನಿಮಿಷ ಸುರಿಯಿತು. ಅಂಗಳದಲ್ಲಿ ನೀರು ಹರಿದು ಕಾಲುವೆ ಸೇರುವುದನ್ನು ನೋಡುತ್ತಾ ಜಗಲಿಯಲ್ಲೇ ನಿಂತಿದ್ದೆ. ಕೆಲಸದವರೂ ಮನೆಗೆ ಹೋಗದೆ ನನ್ನ ಜೊತೆ ನಿಂತಿದ್ದರು. ಮಂಗಳವಾರ ಬೆಳಿಗ್ಗೆ 1 ಇಂಚು 12 ಸೆಂಟ್. ಆ ಸಂಜೆ ಮತ್ತೆ 24 ಸೆಂಟ್. ಇಂಜಿನ್ ಮುಟ್ಟಲೇ ಇಲ್ಲ. ಕೆರೆಯ ನೀರು ಕೆರೆಯಲ್ಲೇ ಉಳಿಯಿತು.

ಅದೇ ಸೋಮವಾರ ಗೋಣಿಬೀಡು ಕಡೆ ಇರುವ ನಮ್ಮ ನೆಂಟರ ತೋಟದಲ್ಲಿ 40 ಸೆಂಟ್ ಮಾತ್ರ. ಅವರು ಮಂಗಳವಾರವೇ ಸ್ಪ್ರಿಂಕ್ಲರ್ ಹಾಕಬೇಕಾಯಿತು. ಅವರ ಬಳಿ ನೀರಿತ್ತು, ಹಾಗಾಗಿ ಬಚಾವ್. ನಾವಿಬ್ಬರೂ ಓದಿದ್ದು ಒಂದೇ ವರದಿ. ಅವರಿಗೆ ಮುನ್ಸೂಚನೆ ಸುಳ್ಳಾಯಿತು ಅನ್ನಿಸಿದೆ, ನನಗೆ ಹಾಗೆ ಅನ್ನಿಸುವುದಿಲ್ಲ. 'ಹಲವು ಕಡೆ' ಅಂದಾಗ ಬಾರದ ಕಡೆಗಳೂ ಇರುತ್ತವೆ ಅಂತ ಆ ಪದದಲ್ಲೇ ಇದೆ. ವಾರದ ಮುನ್ಸೂಚನೆ ಹೇಳುವುದು ಈ ವಾರ ಬಾಗಿಲು ತೆರೆಯುತ್ತದಾ ಇಲ್ಲವಾ ಅಂತ. ನಮ್ಮ ತೋಟದೊಳಗೆ ಬರುತ್ತದಾ ಅನ್ನುವುದಕ್ಕೆ ನಾವೇ ಎರಡನೇ ದಾರಿ ಇಟ್ಟುಕೊಂಡಿರಬೇಕು.

ಎಂಟನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ವಾಸನೆ ಒಳಗೆ ಬಂದಿತ್ತು. ಮಲ್ಲಿಗೆಯ ಹಾಗೆ, ಅದಕ್ಕಿಂತ ಸ್ವಲ್ಪ ಭಾರ. ಕೊಂಬೆ ತುಂಬಾ ಬಿಳಿ, ಎಲೆ ಕಾಣದಷ್ಟು. ಜೇನುಹುಳದ ಸದ್ದು ರಸ್ತೆವರೆಗೆ ಕೇಳುತ್ತಿತ್ತು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅರೇಬಿಕಾದ ಹಾಗೆ ತನ್ನದರಲ್ಲೇ ಕಾಯಿ ಕಚ್ಚುವುದಿಲ್ಲ. ಹಾಗಾಗಿ ಹೂ ಅರಳಿದ ದಿನ ಒಣಗಿರಬೇಕು, ಗಾಳಿ ಆಡಬೇಕು, ಹುಳ ಓಡಾಡಬೇಕು. ಆವತ್ತು ಬೆಳಿಗ್ಗೆ ಮಳೆ ಬಂದರೆ ಪರಾಗ ತೊಳೆದು ಹೋಗುತ್ತದೆ. ಹಿಂದಿನ ಗುರುವಾರದ ವರದಿ ಆ ದಿನಕ್ಕೆ ಒಣಹವೆ ಅಂತ ಹೇಳಿತ್ತು, ಹಾಗೇ ಆಯಿತು. ಐದು ದಿನ ಮುಂಚಿನ ಮಾತು ನಿಂತಿತು ಅಂತ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ.

ಒಂದು ಚಿಕ್ಕ ವಿಷಯ, ಆದರೆ ಹೇಳಲೇಬೇಕು. ಇಲಾಖೆಯ ಮಳೆ ಲೆಕ್ಕ ಬೆಳಿಗ್ಗೆ 8.30ರಿಂದ ಮಾರನೇ ಬೆಳಿಗ್ಗೆ 8.30ರವರೆಗೆ. ಮಾವನವರು ಬೆಳಿಗ್ಗೆ 7ಕ್ಕೆ ಕಾಫಿ ಕುಡಿದು ಅಳೆಯುತ್ತಿದ್ದರು, ನಾನೂ ಅದೇ ಅಭ್ಯಾಸದಲ್ಲಿದ್ದೆ. ಈಗ 8.30ಕ್ಕೇ ಅಳೆಯುತ್ತೇನೆ. ಹಾಗೆ ಮಾಡಿದರೆ ಮಾತ್ರ ಅವರ ಅಂಕಿ, ನಮ್ಮ ಅಂಕಿ ಒಂದೇ ದಿನದ್ದಾಗುತ್ತದೆ. ಅಳೆಯುವ ಮೊದಲು ಕೊಳವೆಯ ಬಾಯಿ ಒಮ್ಮೆ ನೋಡಿ. ಹಿಂದೊಮ್ಮೆ ಸಿಲ್ವರ್ ಎಲೆ ಬಿದ್ದು ಮುಚ್ಚಿ, ಒಳ್ಳೆ ಮಳೆಯ ದಿನ 6 ಸೆಂಟ್ ತೋರಿಸಿತ್ತು.

ಬೇಸಿಗೆಯಲ್ಲಿ ನಮಗೆ ಇನ್ನೊಂದು ಇಕ್ಕಟ್ಟು ಇದೆ. ಗಿಡದಲ್ಲಿ ಮೊಗ್ಗು ಮಳೆ ಕೇಳುತ್ತಿರುತ್ತದೆ, ಅದೇ ಹೊತ್ತಿಗೆ ಕಣದಲ್ಲಿ ಮೆಣಸು ಬಿಸಿಲು ಕೇಳುತ್ತಿರುತ್ತದೆ. ಕೊಯ್ದ ಮೆಣಸು ಕಪ್ಪಾಗಿ ಗಲಗಲ ಅನ್ನಲು ಐದಾರು ಒಳ್ಳೆಯ ಬಿಸಿಲು ಬೇಕು. ನಡುವೆ ನೆನೆದರೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ನನಗೆ ಮೇಘದೂತ ಆಪ್ ಸಹಾಯಕ್ಕೆ ಬಂತು. ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಇಕ್ರಿಸ್ಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆ ಸೇರಿ 2019ರಲ್ಲಿ ತಂದ ಆಪ್ ಅದು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳೆಗೆ ತಕ್ಕ ಸಲಹೆ ಬರುತ್ತದೆ. ಶುಕ್ರವಾರದ ಸಲಹೆ ಓದಿ ಮೆಣಸು ಕೊಯ್ಯುವ ದಿನ ಗೊತ್ತು ಮಾಡಿದೆ. ಎರಡು ಕಂತು ಒಂದು ಹನಿಯೂ ತಾಗದೆ ಒಣಗಿತು. ಮಳೆ ಬರುವ ದಿನ ಹೇಳುವುದಕ್ಕಿಂತ ಮಳೆ ಬಾರದ ದಿನ ಹೇಳುವುದರಲ್ಲಿ ವಾರದ ಮುನ್ಸೂಚನೆ ಜಾಸ್ತಿ ಗಟ್ಟಿ ಅಂತ ನನ್ನ ಅನುಭವ. 'ಒಣಹವೆ' ಅಂತ ಬರೆದ ದಿನಗಳಲ್ಲಿ ನಮ್ಮ ಮಾಪಕ ಹೆಚ್ಚುಕಮ್ಮಿ ಯಾವಾಗಲೂ ಖಾಲಿಯೇ ಇತ್ತು.

ಸಿಡಿಲಿನ ವಿಷಯಕ್ಕೆ ವಾರದ ವರದಿ ಸಾಕಾಗುವುದಿಲ್ಲ. ಅದು ಯಾವ ದಿನ ಎಚ್ಚರಿಕೆಯಿಂದ ಇರಬೇಕು ಅಂತ ಮಾತ್ರ ಹೇಳುತ್ತದೆ. ಆ ದಿನ ಮಧ್ಯಾಹ್ನದ ಮೇಲೆ ದಾಮಿನಿ ಆಪ್ ತೆರೆದಿಟ್ಟುಕೊಳ್ಳುತ್ತೇನೆ. ಪುಣೆಯ ಅದೇ ಸಂಸ್ಥೆಯದು. ನಾವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ಹೋದ ವಾರ 2.30ಕ್ಕೆ ಅದು ಎಚ್ಚರಿಸಿದಾಗ ನಮ್ಮ ತಲೆ ಮೇಲೆ ಇನ್ನೂ ಬಿಸಿಲಿತ್ತು. ಐವರು ಹೆಂಗಸರು ಎತ್ತರದ ಸಿಲ್ವರ್ ಮರಗಳ ಕೆಳಗೆ ಕಳೆ ತೆಗೆಯುತ್ತಿದ್ದರು. ಕತ್ತಿ ಅಲ್ಲೇ ಬಿಟ್ಟು ಗೋಡೌನ್ ಒಳಗೆ ಬರಲು ಹೇಳಿದೆ. ಅರ್ಧ ಗಂಟೆಯಲ್ಲಿ ಮೇಲಿನ ಗುಡ್ಡದ ಮರಕ್ಕೆ ಸಿಡಿಲು ಹೊಡೆಯಿತು. ತೊಗಟೆ ತುದಿಯಿಂದ ಬುಡದವರೆಗೆ ಸೀಳಿತ್ತು. ತೋಟದಲ್ಲಿ ಆಳು ಇಟ್ಟು ಕೆಲಸ ಮಾಡಿಸುವವರು ಬೇರೆ ಯಾವ ಆಪ್ ಬಿಟ್ಟರೂ ಇದನ್ನು ಇಟ್ಟುಕೊಳ್ಳಿ. ಕೈ ಮುಗಿದು ಕೇಳುತ್ತೇನೆ.

ನನಗೆ ಆಗಬೇಕು ಅನ್ನಿಸುವ ಬದಲಾವಣೆಗಳೂ ಇವೆ. ಇಲಾಖೆಯ ವಿಭಾಗದಲ್ಲಿ ಕರ್ನಾಟಕ ಅಂದರೆ ಮೂರು ತುಂಡು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಮ್ಮ ಮೂಡಿಗೆರೆ ಬೆಂಗಳೂರು, ಚಿತ್ರದುರ್ಗದ ಜೊತೆ ದಕ್ಷಿಣ ಒಳನಾಡಿನಲ್ಲಿ ಬರುತ್ತದೆ. ಚಾರ್ಮಾಡಿ ಘಾಟಿಯ ತಲೆಯ ಮೇಲೆ ಕೂತ ನಮಗೂ ಚಿತ್ರದುರ್ಗದ ಬಯಲಿಗೂ ಯಾವ ಸಾಮ್ಯ? ಎರಡು ವಾರದ ನಕ್ಷೆ ಓದುವಾಗ ಇದು ನೆನಪಿರಬೇಕು. ಯಲಹಂಕದ ಕೇಂದ್ರ ಮಲೆನಾಡನ್ನು ಬೇರೆಯೇ ವಿಭಾಗ ಮಾಡಿ ಲೆಕ್ಕ ಕೊಡುತ್ತದೆ, ಅದು ನಮಗೆ ಹೆಚ್ಚು ಹೊಂದುತ್ತದೆ. ಜಿಲ್ಲೆಯ ಮುನ್ಸೂಚನೆಯಲ್ಲೂ ಕಡೂರಿಗೂ ಮೂಡಿಗೆರೆಗೂ ಒಂದೇ ಬಣ್ಣ. 2024ರ ಅಕ್ಟೋಬರ್‌ನಿಂದ ಪಂಚಾಯಿತಿ ಮಟ್ಟದ ಮುನ್ಸೂಚನೆ ಶುರುವಾಗಿದೆ. ಅದನ್ನು ಮೇರಿ ಪಂಚಾಯತ್ ಆಪ್‌ನಲ್ಲಿ ನೋಡಬಹುದು. ನಾನು ಅದನ್ನು ಇನ್ನೂ ಪೂರ್ತಿ ಒಂದು ಬೇಸಿಗೆ ಓದಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಇನ್ನೊಂದು ಆಸೆ. ಪದಗಳ ಅಳತೆಯ ಆ ಪಟ್ಟಿಯನ್ನು ಕನ್ನಡ ವರದಿಯ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಪಂಚಾಯಿತಿ ಕಟ್ಟೆಯ ಗೋಡೆಗೂ ಅಂಟಿಸಬೇಕು. ಆ ನಾಲ್ಕು ಪದ ಗೊತ್ತಿದ್ದಿದ್ದರೆ ಹೋದ ವರ್ಷ ನನ್ನ ಎರಡು ಎಕರೆ ಉಳಿಯುತ್ತಿತ್ತು.

ಮಾವನವರು ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಅವರದ್ದು ಪಂಚಾಂಗ. ರೇವತಿ, ಅಶ್ವಿನಿ, ಭರಣಿ ಅಂತ ಮಳೆ ನಕ್ಷತ್ರದ ಹೆಸರಿನಲ್ಲೇ ಪುಸ್ತಕ ಬರೆದಿದ್ದಾರೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅನ್ನುವ ಮಾತನ್ನು ಪ್ರತಿ ವರ್ಷ ಹೇಳುತ್ತಿದ್ದರು. ಆ ಪುಸ್ತಕವನ್ನು ನಾನು ಈಗಲೂ ಮುನ್ಸೂಚನೆಯ ಜೊತೆಗಿಟ್ಟು ಓದುತ್ತೇನೆ. ಇಲಾಖೆ 'ವಾಡಿಕೆ' ಅನ್ನುವುದು ಇಡೀ ವಿಭಾಗದ್ದು. ನಮ್ಮ ತೋಟದ ವಾಡಿಕೆ ಇರುವುದು ಆ ಪುಸ್ತಕದಲ್ಲೇ. ಅಶ್ವಿನಿಯಲ್ಲಿ ನಮಗೆ ಮಳೆ ಬಂದ ವರ್ಷಗಳೆಷ್ಟು, ಬಾರದ ವರ್ಷಗಳೆಷ್ಟು ಅಂತ ನೋಡಿದರೆ ಗುರುವಾರದ ನಕ್ಷೆಯ ಬಣ್ಣಕ್ಕೆ ಒಂದು ಅರ್ಥ ಬರುತ್ತದೆ. ಮನೆಯಲ್ಲಿ ಹಿರಿಯರ ಇಂಥ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಅಂಕ ಕೊಡಬೇಕಾದರೆ, ಏಳು ದಿನದ ವರದಿಗೆ ಮೊದಲ ಮೂರು ದಿನದ ಮಟ್ಟಿಗೆ ಐದಕ್ಕೆ ನಾಲ್ಕೂವರೆ. ನಾಲ್ಕರಿಂದ ಏಳನೇ ದಿನಕ್ಕೆ ಮೂರೂವರೆ, ದಿನಾ ಮತ್ತೆ ಓದುವುದಾದರೆ ಮಾತ್ರ. ಗುರುವಾರ ಒಮ್ಮೆ ಓದಿ ವಾರ ಪೂರ್ತಿ ಅದನ್ನೇ ಹಿಡಿದು ಕೂತರೆ ಎರಡು. ಎರಡು ವಾರದ ನಕ್ಷೆಗೆ ಮೂರು, ಡೀಸೆಲ್ ಮೊದಲೇ ತಂದಿಡಬೇಕಾ ಅಂತ ತೀರ್ಮಾನಿಸಲು ಅಷ್ಟು ಸಾಕು. ವರುಣ ಮಿತ್ರಕ್ಕೆ ಪೂರ್ತಿ ಐದು. ದಾಮಿನಿಗೂ ಐದು. ಇವೆಲ್ಲಕ್ಕೂ ನಾನು ಕೊಟ್ಟ ದುಡ್ಡು ಒಂದು ರೂಪಾಯಿಯೂ ಇಲ್ಲ, ಫೋನಿನ ಕರೆನ್ಸಿ ಬಿಟ್ಟರೆ.

ಬ್ಯಾಕಿಂಗ್ ಮಳೆ ಏಪ್ರಿಲ್ ಎರಡನೇ ವಾರ ಬಂತು, 70 ಸೆಂಟ್. ಕಾಯಿ ಈಗ ಸಾಸಿವೆ ಗಾತ್ರದಲ್ಲಿದೆ, ಗೆಣ್ಣಿಗೆ ಇಪ್ಪತ್ತರ ಮೇಲೆ ಎಣಿಸಿದೆ. ಇವತ್ತು ಗುರುವಾರ. ನಾಲ್ಕು ದಿನದಲ್ಲಿ ಭರಣಿ ಹುಟ್ಟುತ್ತದೆ. ಮಧ್ಯಾಹ್ನದ ವರದಿ ಪ್ರಕಾರ ಶನಿವಾರದವರೆಗೆ ನಮ್ಮ ಜಿಲ್ಲೆಗೆ ಒಣಹವೆ, ಭಾನುವಾರದಿಂದ ಕೆಲವು ಕಡೆ, ಮಂಗಳವಾರ ಹಲವು ಕಡೆ ಸಾಧಾರಣ, ಜೊತೆಗೆ ಗಾಳಿಗೆ ಹಳದಿ. ಕಣದಲ್ಲಿ ಕೊನೆಯ ಕಂತಿನ ಮೆಣಸು ಇದೆ, ಇನ್ನೂ ಎರಡು ಬಿಸಿಲು ಬೇಕು. ಶನಿವಾರ ಸಂಜೆಯೊಳಗೆ ಚೀಲಕ್ಕೆ ತುಂಬಿಸಬೇಕು. ಟಾರ್ಪಾಲಿನ ಹರಿದ ಮೂಲೆಯನ್ನು ಹೊಲಿಯಲು ಬೆಳಿಗ್ಗೆಯೇ ಕೊಟ್ಟು ಬಂದಿದ್ದೇನೆ.